ಆಂಜಿನಯ್ಯನವರ ಮೂರು ವರ್ಷ

ನಾನು ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ತಿಳಿಯದು. ಯಾರನ್ನಾದರೂ ಕೇಳೋಣವೆಂದರೆ ಕೇಳುವಂಥ ವಿಷಯವೂ ಅಲ್ಲ.

೧೯೯೮. ಚಾಮರಾಜಪೇಟೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಡಂ. ಇಪ್ಪತ್ತು ವರ್ಷ ಮಕ್ಕಳಿಗೆ ‘ಬಾಯಿ ಮುಚ್ರೋ’ ಎಂದು ಕೂಗಿಯೇ ಗಂಟಲು ಹೋಗಿತ್ತು. ಆ ಜೂನ್ ತಿಂಗಳ ತರಬೇತಿಯಲ್ಲಿ ಇದ್ದಕ್ಕಿದ್ದಂತೆ, ಮಕ್ಕಳ ಬಾಯಿ ಬಿಡಿಸಿ ಎಂದರು! ಸಂದರ್ಶನ ಮಾಡಿಸಬೇಕಂತೆ. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಮುಂದಿನ ಪ್ರಶ್ನೆ ಹಿಂದಿನ ಉತ್ತರದಿಂದಲೇ ಹುಟ್ಟಬೇಕು. ಹೀಗೆ ಮಾಡಿದರೆ ಮಕ್ಕಳು ಯೋಚಿಸಲು ಕಲಿಯುತ್ತಾರಂತೆ. ಕಲಿತ ಮೇಲೆ ನಾವೇನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ನಮ್ಮ ಅಟೆಂಡರ್ ಆಂಜಿನಯ್ಯನವರಿಗೆ ಐವತ್ತೆಂಟು ತುಂಬಿ ಜುಲೈ ಕೊನೆಗೆ ನಿವೃತ್ತಿ. ಅವರನ್ನೇ ಸಂದರ್ಶಿಸಿ ಬೀಳ್ಕೊಡುಗೆಯ ದಿನ ಓದಿಸೋಣ ಅಂದುಕೊಂಡೆ. ನಲವತ್ತು ವರ್ಷ ಬೀಗ ತೆಗೆದು, ನೀರಿನ ಡ್ರಮ್ ತುಂಬಿಸಿ, ರೈಲುಕಂಬಿಯ ತುಂಡಿಗೆ ಬಡಿದು ಗಂಟೆ ಹೊಡೆದ ಮನುಷ್ಯ. ಒಂದು ನಿಮಿಷ ಆಚೀಚೆ ಆದದ್ದಿಲ್ಲ. ಒಂದೇ ಕೆಟ್ಟ ಅಭ್ಯಾಸ: ಪಾಠದ ನಡುವೆ ತರಗತಿಗೆ ಸುತ್ತೋಲೆ ಪುಸ್ತಕ ತಂದರೆ, ನಾನು ಸಹಿ ಹಾಕಿ ಕೊಟ್ಟ ಮೇಲೂ ಬಾಗಿಲಲ್ಲೇ ನಿಂತಿರುತ್ತಿದ್ದರು. “ಏನ್ರೀ ಆಂಜಿನಯ್ಯ, ಬೇರೆ ಕೆಲ್ಸ ಇಲ್ವಾ?” ಎಂದು ಎಷ್ಟು ಸಲ ಗದರಿದ್ದೇನೋ.

ಎಂಟನೇ ತರಗತಿಯ ಯಶಶ್ರೀ ಪ್ರಶ್ನೆ ಕೇಳಲು ಕೂತಳು. ಹೆಚ್ಚು ಮಾತಿನವಳಲ್ಲ, ಆದರೆ ಹಿಡಿದದ್ದನ್ನು ಬಿಡುವವಳೂ ಅಲ್ಲ.

“ಸ್ವಾತಂತ್ರ್ಯ ಬಂದ ದಿನ ನೀವೇನ್ ಮಾಡ್ತಿದ್ರಿ ಅಂಕಲ್?”

“ಮಾಡೋದೇನವ್ವ, ನಮ್ಮವ್ವನ ಸೊಂಟದ ಮೇಲಿದ್ದೆ. ಬೆಲ್ಲ ಹಂಚಿದ್ರು ಅಂತ ಅವ್ವ ಹೇಳೋಳು.”

ಯಶಶ್ರೀ ಹಾಳೆಯ ಅಂಚಿನಲ್ಲಿ ಏನೋ ಕೂಡಿ ಕಳೆದಳು. “ಆಗ ನಿಮ್ಗೆ ಏಳು ವರ್ಷ ಅಲ್ವಾ? ಏಳು ವರ್ಷದವರನ್ನ ಯಾರಾದ್ರೂ ಎತ್ಕೋತಾರಾ?”

ಆಂಜಿನಯ್ಯ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ನಾನೋ ಪೆದ್ದಿಯ ಹಾಗೆ, “ಹೇಳಿ, ಪರವಾಗಿಲ್ಲ” ಎಂದೆ. ಹೇಳಿಯೇಬಿಟ್ಟರು. ಅಪ್ಪ ಸತ್ತ ವರ್ಷ ಸೋದರಮಾವ ಹದಿನೈದರ ಹುಡುಗನನ್ನು ಇಲ್ಲಿಗೆ ಕರೆತಂದು, ಕೆಲಸ ಸಿಗಲೆಂದು ವಯಸ್ಸು ಹದಿನೆಂಟು ಅಂತ ಬರೆಸಿದ್ದರಂತೆ.

“ಕಾಗದದ ಮೇಲೆ ಮೂರ್ವರ್ಷ ದೊಡ್ಡೋನಾದೆ. ಈಗ ಮೂರ್ವರ್ಷ ಮೊದ್ಲೇ ಮನೆಗೋಗ್ತಿದೀನಿ, ಅಷ್ಟೇ.”

ಅಷ್ಟೇ ಅಂತೆ! ಅವರ ಪಿಂಚಣಿ ಕಾಗದ ಇನ್ನೂ ಮಂಜೂರಾಗಿರಲಿಲ್ಲ. ವಯಸ್ಸು ಸುಳ್ಳೆಂದು ಆಡಳಿತ ಮಂಡಳಿಯವರ ಕಿವಿಗೆ ಬಿದ್ದರೆ ಪಿಂಚಣಿಯೇ ನಿಂತರೂ ನಿಂತೀತು. ಗಂಡ ಹೆಂಡತಿ ಇಬ್ಬರಿಗೂ ಅದು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ಸಂಜೆ ಯಶಶ್ರೀಯನ್ನು ಕರೆದೆ. “ವಯಸ್ಸಿನ ವಿಷ್ಯ ಓದ್ಬೇಡ ಕಣೇ.”

“ಹೇಳಿದ್ದು ಹೇಳಿದ ಹಾಗೇ ಬರೀಬೇಕು ಅಂದ್ರಲ್ಲ ಮಿಸ್?”

“ಅಂದೆ.”

“ಆ ಉತ್ತರ ಬಿಟ್ರೆ ಮುಂದಿನ ಪ್ರಶ್ನೆ ಎಲ್ಲಿಂದ ಬರುತ್ತೆ?”

ನನಗೇನು ಗೊತ್ತು! ನಿಜ ಓದು ಎಂದರೆ ಆ ಮನುಷ್ಯನ ಅನ್ನಕ್ಕೆ ಕಲ್ಲು. ಸುಳ್ಳು ಓದು ಎಂದರೆ ನಾನೆಂಥ ಟೀಚರ್? “ನೀನೇ ಯೋಚ್ನೆ ಮಾಡು, ಹೋಗು” ಎಂದು ಸಿಡುಕಿ ಕಳಿಸಿದೆ. ಕಳಿಸಿದ ಮೇಲೆ, ಅಯ್ಯೋ, ಮಗುವಿನ ತಲೆಗೆ ಕಟ್ಟಿದೆನಲ್ಲ ಎಂದು ಸಂಕಟವಾಯಿತು.

ಬೀಳ್ಕೊಡುಗೆಯ ದಿನ ಆಂಜಿನಯ್ಯ ಹಾರ ಹಾಕಿಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಂಡಳಿಯ ಕಾರ್ಯದರ್ಶಿ ಬದರೀನಾರಾಯಣರು ಮುಂದಿನ ಸಾಲಿನಲ್ಲೇ ಇದ್ದರು. ಯಶಶ್ರೀ ಮೈಕಿನ ಮುಂದೆ ನಿಂತಳು.

“ನಾನು ಪ್ರಶ್ನೆ ಮಾತ್ರ ಓದ್ತೀನಿ. ಉತ್ತರ ಅಂಕಲ್‌ದು, ಅವರ ಹತ್ರಾನೇ ಇರ್ಲಿ.”

ಒಂದೊಂದಾಗಿ ಓದಿದಳು. “ಏಳು ವರ್ಷದವರನ್ನ ಯಾರಾದ್ರೂ ಎತ್ಕೋತಾರಾ?” ಎಂದಾಗ ನಾನು ಮುಂದಿನ ಸಾಲಿನ ಕಡೆ ನೋಡಿದೆ. ಬದರೀನಾರಾಯಣರು, “ಎಂಥಾ ಪ್ರಶ್ನೆ ಕೇಳ್ತವೆ ಮಕ್ಳು!” ಎಂದು ಹೊಟ್ಟೆ ಹಿಡಿದು ನಕ್ಕರು. ಯಾರಿಗೂ ಏನೂ ಹೊಳೆಯಲಿಲ್ಲ. ಪಿಂಚಣಿ ಸೆಪ್ಟೆಂಬರಿನಲ್ಲಿ ಬಂತು.

ಆದರೆ ಕೊನೆಯ ಪ್ರಶ್ನೆಯನ್ನು ಅವಳು ಸಂದರ್ಶನದ ದಿನ ಕೇಳಿರಲಿಲ್ಲ. ಹಾಳೆ ಮಡಚಿ, ಅವರ ಕಡೆಗೇ ತಿರುಗಿ ಕೇಳಿದಳು:

“ಈ ಸ್ಕೂಲಿಗೆ ಬಂದಾಗ ನಿಮ್ಗೂ ಕ್ಲಾಸಲ್ಲಿ ಕೂತ್ಕೋಬೇಕು ಅನ್ನಿಸ್ತಿತ್ತಾ?”

ಆಂಜಿನಯ್ಯ ಎದ್ದು ನಿಂತರು. ಮೈಕು ಬೇಡವೆಂದರು.

“ಅನ್ನಿಸ್ತಿತ್ತು ತಾಯಿ. ಈಗ್ಲೂ ಅನ್ನಿಸ್ತದೆ. ಅದಕ್ಕೇ ಬುಕ್ ತಂದಾಗ ಬಾಗ್ಲಲ್ಲಿ ನಿಂತ್ಕೋತಿದ್ದೆ, ಮೇಡಂ ಹೇಳೋ ಪದ್ಯ ಮುಗಿಯೋವರ್ಗೂ ಕೇಳಿಸ್ಕೊಂಡು ಹೋಗೋಣ ಅಂತ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಎಷ್ಟು ಪದ್ಯಗಳ ಅರ್ಧಕ್ಕೇ ಅವರನ್ನು ಓಡಿಸಿದ್ದೆ ನಾನು!