ಗೋಡೆಯ ಕೋವಿಯೂ ಟಾಂಜಾನಿಯಾ ಪ್ರಯಾಣವೂ

ಟಾಂಜಾನಿಯಾದ ರೈತರಿಗೆ ಮೂರು ತಿಂಗಳು ಕಾಫಿ ಗಿಡದ ರೆಂಬೆ ಸವರುವ ಕಪಾತು ಕೆಲಸ ಕಲಿಸಿ ಬರುತ್ತೇನೆಂದು, ನಿವೃತ್ತಿಯ ಹುಮ್ಮಸ್ಸಿನಲ್ಲಿ ನಾನೇ ಅರ್ಜಿ ಹಾಕಿದವನು. ಸಂಬಳವಿಲ್ಲದ ಸೇವೆ. ಫಾರಂ, ಪೊಲೀಸ್ ವೆರಿಫಿಕೇಶನ್, ಲಸಿಕೆಯ ಸೂಜಿ ಎಲ್ಲ ಮುಗಿಯುವ ಹೊತ್ತಿಗೆ ನಾನೂ ಸುಸ್ತು, ಹುಮ್ಮಸ್ಸೂ ಸುಸ್ತು. ಮೊದಲ ಸಲ ದೇಶ ಬಿಡುವ ಅಳುಕು ಬೇರೆ. ಕಳಿಸುವ ಸಂಸ್ಥೆಯವರೇ ಬೇಡ ಅಂದುಬಿಟ್ಟರೆ ಸಾಕಪ್ಪ ಅನ್ನಿಸುತ್ತಿತ್ತು.

ಕೊನೆಯ ವೀಡಿಯೊ ಸಂದರ್ಶನದಲ್ಲಿ ಸಂಸ್ಥೆಯ ಹುಡುಗಿ ನನ್ನ ತಲೆಯ ಹಿಂದೆ ದಿಟ್ಟಿಸಿದಳು.

“ಸರ್, ಗೋಡೇಲಿರೋದು ಬಂದೂಕಾ?”

“ಅಜ್ಜನ ಕೋವಿ ಅಮ್ಮ. ಕೈಲ್ ಪೊಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜೆ ಮಾಡ್ತೇವೆ.”

“ಲೈಸೆನ್ಸ್?”

“ಕೊಡವರಿಗೆ ವಿನಾಯಿತಿ ಉಂಟಲ್ಲ!”

“ಕೊನೇ ಸಲ ಯಾವಾಗ ಹಾರಿಸಿದ್ರಿ?”

“ಮೊಮ್ಮಗ ಹುಟ್ಟಿದಾಗ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು. ಊರಿಗೆ ತಿಳೀಬೇಕಲ್ಲ.”

ಇಷ್ಟು ಕೇಳಿದ ಮೇಲೆ ಯಾರು ತಾನೇ ಕಳಿಸುತ್ತಾರೆ? ನನಗೆ ಒಳಗೊಳಗೇ ನೆಮ್ಮದಿ. ಅವಳು ನಕ್ಕುಬಿಟ್ಟಳು.

“ನಮ್ಮಮ್ಮನೂ ಕೊಡವರೇ ಸರ್, ಬಾಳೆಲೆ ಊರಿನವರು. ಸುಮ್ಮನೆ ಕೇಳಿದೆ. ಅದೊಂದನ್ನ ಪೆಟ್ಟಿಗೆಗೆ ಹಾಕಬೇಡಿ. ಭಾನುವಾರ ವಿಮಾನ.”

ಕುರ್ಚಿಗೆ ಒರಗಿದೆ. ತಪ್ಪಿಸಿಕೊಳ್ಳುವ ಕೊನೆಯ ದಾರಿಯೂ ಮುಚ್ಚಿತ್ತು. ಆದರೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ?

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಅಂದಳು: “ಹೋದ ಹಾಗೇ ಗಟ್ಟಿಯಾಗಿ ವಾಪಸ್ ಬಂದರೆ ನಾನೇ ಒಂದು ಹಾರಿಸ್ತೇನೆ. ಬಿ.ಪಿ. ಮಾತ್ರೆ ಮರೆತು ಹೋಗಿ ನನ್ನ ಕೈಲಿ ಎರಡು ಹಾರಿಸಬೇಡಿ.”

ಎದ್ದು ಹೋಗಿ ಮಾತ್ರೆಯನ್ನೇ ಮೊದಲು ಪೆಟ್ಟಿಗೆಗೆ ಹಾಕಿದೆ. ನಮ್ಮ ಮನೆಯಲ್ಲಿ ಗುರಿ ತಪ್ಪದವಳು ಅವಳೊಬ್ಬಳೇ.