ಲೆಕ್ಕಕ್ಕೆ ಹೊಂದದ ಏಳು ಜನ

ಇನ್ನೂ ಬೆಳಕು ಹರಿದಿಲ್ಲ. ಕಣ್ಣಾಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. "ಗಲ್ಲ ಇಲ್ಲಿಡಿ. ಹಸಿರು ಚುಕ್ಕೆನೇ ನೋಡ್ತಾ ಇರಿ, ಅಲ್ಲಾಡಬೇಡಿ," ಎನ್ನುತ್ತಾರೆ ವಿಜ್ಞಾನಿ. ಯಂತ್ರದ ಮುಂದೆ ಕೂತಿರುವ ನಿವೃತ್ತ ಬಸ್ ಡ್ರೈವರ್‌ಗೆ ಸುಮ್ಮನಿದ್ದು ಗೊತ್ತಿಲ್ಲ. "ಹಸಿರು ಕಂಡ್ರೆ ಗಾಡಿ ಬಿಡೋದು ನನ್ನ ಅಭ್ಯಾಸ ಮೇಡಂ. ನೀವು ನೋಡಿದ್ರೆ ನಿಲ್ಲು ಅಂತೀರಿ." ಮೇಡಂ ನಗುತ್ತಲೇ ಅವರ ಕಣ್ಣಿನ ಚಿತ್ರ ತೆಗೆಯುತ್ತಾರೆ.

ಹಗಲೆಲ್ಲ ಈ ಯಂತ್ರ ರೋಗಿಗಳದ್ದು. ಸಂಶೋಧನೆಗೆ ಸಿಗುವುದು ಅವರು ಬರುವ ಮುಂಚಿನ ಹೊತ್ತು ಮಾತ್ರ. ಇಪ್ಪತ್ತು ವರ್ಷಗಳಿಂದ ಈಕೆ ಬೆನ್ನು ಹತ್ತಿರುವುದು ಕಣ್ಣಿನ ಹಿಂಭಾಗದ ತೆಳು ಪರದೆ, ಅಂದರೆ ಅಕ್ಷಿಪಟವನ್ನು. "ಮೆದುಳನ್ನ ಇಣುಕಿ ನೋಡೋಣ ಅಂದ್ರೆ ಬುರುಡೆ ಅಡ್ಡ. ಆದ್ರೆ ಈ ಪರದೆ ಮೆದುಳಿನ ಸ್ವಂತ ನೆಂಟ. ಅಲ್ಲಿ ನರ ಸವೆದ್ರೆ ಇಲ್ಲೂ ಸವೀಬೇಕು ಅಂತ ನನ್ನ ಊಹೆ." ಊಹೆ ನಿಜವಾದರೆ ಮರೆವಿನ ಕಾಯಿಲೆಯನ್ನು ವರ್ಷಗಳ ಮೊದಲೇ ಹಿಡಿಯಬಹುದು.

ಈ ಪರೀಕ್ಷೆಗೆ ಮೊಟ್ಟಮೊದಲು ಕಣ್ಣೊಡ್ಡಿದವರು ಆಕೆಯ ಅಮ್ಮ. ಹೊಲಿಗೆ ಅಂಗಡಿ ನಡೆಸಿ ಮಗಳನ್ನು ಓದಿಸಿದ ಗಟ್ಟಿಗಿತ್ತಿ, ಆಗ ಪೂರ್ತಿ ಆರೋಗ್ಯವಂತೆ. ಚಿತ್ರಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆಯಷ್ಟೇ. ಅಳೆಯುವವರಿಗೆ ಅದು ಯಾರ ಕಣ್ಣೆಂದು ತಿಳಿಯಬಾರದು. ವರ್ಷಗಳು ಕಳೆದ ಮೇಲೆ ಸಂಖ್ಯೆಗಳ ಮುಸುಕು ತೆಗೆದಾಗ ಊಹೆ ಬಹುಮಟ್ಟಿಗೆ ಗೆದ್ದಿತ್ತು. ಈ ನಡುವೆ ನೆನಪು ಕಳೆದುಕೊಂಡ ನಲವತ್ತು ಮಂದಿಯಲ್ಲಿ ಮೂವತ್ತಮೂರು ಜನರ ಪರದೆ ಮೊದಲೇ ತೆಳುವಾಗಿತ್ತು. ಉಳಿದ ಏಳು ಜನರದು ಮಾತ್ರ ಇದ್ದ ಹಾಗೇ ಇತ್ತು. ಆ ಏಳರಲ್ಲಿ ಒಬ್ಬರು ಅಮ್ಮ.

ಸಂಶೋಧನೆಗೆ ಹಣ, ಜಾಗ ಕೊಡುವ ಆಸ್ಪತ್ರೆಯ ಹಿರಿಯರ ಸಮಿತಿ ಸುಲಭದ ದಾರಿ ತೋರಿಸಿತು. ಏಳನ್ನು ಏನಾದರೊಂದು ನೆಪ ಹೇಳಿ ಕೈಬಿಡಿ, ಫಲಿತಾಂಶ ಹೊಳೆಯುತ್ತದೆ, ಹಣ ತಾನಾಗಿ ಬರುತ್ತದೆ. ಈಕೆ ಒಪ್ಪಲಿಲ್ಲ. ಹಣ ನಿಂತಿತು, ಮೇಲಿನ ಮಹಡಿಯ ಪ್ರಯೋಗಾಲಯ ಬೇರೆಯವರ ಪಾಲಾಯಿತು, ನೆಲಮಾಳಿಗೆಯ ಈ ಉಗ್ರಾಣ ಸಿಕ್ಕಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು ಎಂದು ಸಹೋದ್ಯೋಗಿಗಳು ಮೂಗು ಮುರಿದರು.

ಆ ಮಾತು ಎತ್ತಿದರೆ ಈಗಲೂ ಆಕೆಯ ದನಿ ಏರುತ್ತದೆ. "ಮೊಲಕ್ಕೆ ನಾಲ್ಕು ಕಾಲಿದೆ ಅಂತ ನಾನಂದೆ. ಒಂದನ್ನ ಕತ್ತರಿಸಿ ಮೂರೇ ಅನ್ನು ಅಂದವರು ಅವರು. ನಾಳೆ ಈ ಪರೀಕ್ಷೆ ನಂಬಿಕೊಂಡು ಡಾಕ್ಟರು ಆ ಏಳು ಜನರಂಥವರಿಗೆಲ್ಲ, ನಿಮಗೇನೂ ಆಗಿಲ್ಲ, ಮನೆಗೆ ಹೋಗಿ ಅಂತಾರೆ. ಆಮೇಲೆ ಅವರ ಮನೆಯವರಿಗೆ ಯಾರು ಉತ್ತರ ಕೊಡ್ತಾರೆ?"

ಆಕೆಯ ಬಗ್ಗೆ ಬರೆಯಲು ಬಂದ ನನಗಂತೂ ಆ ಸಮಿತಿಯ ಮೇಲೆ ಕೋಪ ಬರುತ್ತದೆ. ಗೆದ್ದ ಸಂಶೋಧನೆಗೆ ಹಾರ ಹಾಕಲು ನಾವೆಲ್ಲ ಸಾಲುಗಟ್ಟಿ ನಿಲ್ಲುತ್ತೇವೆ. ಇದು ಎಲ್ಲರಿಗೂ ಹೊಂದುವುದಿಲ್ಲ ಎಂದು ಎದೆ ಸೆಟೆಸಿ ಹೇಳಿದವರನ್ನು ಉಗ್ರಾಣಕ್ಕೆ ತಳ್ಳುತ್ತೇವೆ. ಆಕೆ ಅಲ್ಲೂ ಕೈಕಟ್ಟಿ ಕೂತಿಲ್ಲ. ಏಳು ಜನರಲ್ಲಿ ಕಾಯಿಲೆ ಬೇರೆ ಯಾವ ದಾರಿಯಿಂದ ಬಂತು ಎಂದು ಹುಡುಕಲು ಹೊಸಬರ ಕಣ್ಣುಗಳನ್ನು ಮತ್ತೆ ಮೊದಲಿನಿಂದ ಅಳೆಯುತ್ತಿದ್ದಾರೆ.

ಯಂತ್ರವನ್ನು ರೋಗಿಗಳಿಗೆ ಬಿಟ್ಟುಕೊಟ್ಟು ಆಕೆ ಮನೆಗೆ ಬರುತ್ತಾರೆ, ಹಿಂದೆಯೇ ನಾನೂ. ಕಿಟಕಿಯ ಪಕ್ಕ ಅಮ್ಮ ಸೂಜಿ ಹಿಡಿದು ಕೂತಿದ್ದಾರೆ. ಕನ್ನಡಕವಿಲ್ಲದೆ ಒಂದೇ ಸಲಕ್ಕೆ ದಾರ ಪೋಣಿಸಿಬಿಡುತ್ತಾರೆ, ಕಣ್ಣು ಅಷ್ಟು ಚೊಕ್ಕ. ಆಮೇಲೆ ಸೂಜಿ ಏತಕ್ಕೆ ಹಿಡಿದಿದ್ದೆ ಎಂದು ಅದನ್ನೇ ನೋಡುತ್ತಾ ಉಳಿಯುತ್ತಾರೆ.

ಮಗಳನ್ನು ಕಂಡು ಗಿರಾಕಿಯೆಂದು ತಿಳಿದು, "ನಿಮ್ಮ ಬಟ್ಟೆ ಯಾವತ್ತಿಗೆ ಬೇಕಿತ್ತಮ್ಮ?" ಎನ್ನುತ್ತಾರೆ.

"ಅವಸರ ಇಲ್ಲ. ನಿಧಾನಕ್ಕೆ ಕೊಡಿ."

ಅಡುಗೆಮನೆಯಲ್ಲಿ ಟೀ ಸೋಸುತ್ತಿರುವಾಗ ಕೇಳುತ್ತೇನೆ, ಇನ್ನೇನು ಬೇಕು ನಿಮಗೆ ಎಂದು. "ಯಂತ್ರ ಹಗಲಲ್ಲೂ ಒಂದಿಷ್ಟು ಹೊತ್ತು ಸಿಕ್ಕರೆ ಸಾಕು. ಪಾಪ, ವಯಸ್ಸಾದವರು ನಿದ್ದೆಗೆಟ್ಟು ಬರ್ತಾರೆ."

ಸಮಿತಿ ಮತ್ತೆ ಕರೆದು, ಏಳನ್ನು ಬಿಡಿ, ಮೇಲಿನ ಕೋಣೆ ವಾಪಸ್ ಕೊಡುತ್ತೇವೆ ಎಂದರೆ?

ಆಕೆ ಅಮ್ಮನ ಲೋಟಕ್ಕೆ ಟೀ ಬಗ್ಗಿಸಿ, ಬಿಸಿ ಆರಲೆಂದು ಪಕ್ಕಕ್ಕಿಡುತ್ತಾರೆ.

"ಅಮ್ಮ ನನ್ನನ್ನ ಮರೆತಿದ್ದಾಳೆ, ಅದು ಕಾಯಿಲೆ. ನಾನು ಅವಳನ್ನ ಕೈಬಿಟ್ಟರೆ ಅದು ಮೋಸ."