ಪರದೆಯ ಆಚೆ ಬದಿಯ ವಿಮಾನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಮುಂದೆ ಧಾರವಾಡದಲ್ಲಿ ಓದುವಾಗ ನೋಡಿದ ಬೇರೆ ಸಿನೆಮಾಗಳ ವಿಮಾನಗಳೂ ಇದರೊಳಗೆ ಬಂದು ಸೇರಿಕೊಂಡಿರಬಹುದು. ನೀರಿನ ಮೇಲೆ ಇಳಿದ ವಿಮಾನದ ಅಡಿಗೆ ಎರಡು ದೋಣಿಗಳಿದ್ದವು ಎಂದು ನನ್ನ ನೆನಪು. ಅಪ್ಪ ಒಂದೇ ಎನ್ನುತ್ತಿದ್ದರು. ಅತ್ತೆಯ ವಿಷಯವನ್ನು ಮಾತ್ರ ನಾನು ತಿದ್ದಿಲ್ಲ ಎಂದುಕೊಂಡಿದ್ದೇನೆ.

ಮೂವತ್ತರ ದಶಕದ ಮೊದಲಲ್ಲಿ, ಬೇಸಿಗೆ ಬಂತೆಂದರೆ ಕಾರವಾರದ ಕಡಲ ದಂಡೆಯಲ್ಲಿ ಸಿನೆಮಾ ಡೇರೆ ಏಳುತ್ತಿತ್ತು. ಮುಂಬಯಿಯಲ್ಲಿ ಚಿತ್ರಗಳು ಮಾತಾಡತೊಡಗಿದ್ದರೂ ನಮಗೆ ಬರುತ್ತಿದ್ದವು ಇನ್ನೂ ಮೂಕ. ಡೇರೆಯ ನಡುವೆ ಬಿಳಿ ಪರದೆ. ಯಂತ್ರವಿದ್ದ ಬದಿಗೆ ಗಂಡಸರು, ಪರದೆಯ ಆಚೆ ಬದಿಗೆ ಹೆಂಗಸರು ಮತ್ತು ಮಕ್ಕಳು. ಬೆಳಕು ನಮ್ಮ ಬದಿಗೂ ಹಾಯಲೆಂದು ಆಟಕ್ಕೆ ಮೊದಲು ಪರದೆಗೆ ನೀರು ಚಿಮುಕಿಸುತ್ತಿದ್ದರು. ಚಿತ್ರದ ನಡುವೆ ಬರುವ ಇಂಗ್ಲಿಷ್ ಅಕ್ಷರಗಳು ನಮಗೆ ವಿಚಿತ್ರವಾಗಿ ಕಾಣುತ್ತಿದ್ದವು. ಆಗಷ್ಟೇ ಎಬಿಸಿ ಕಲಿತಿದ್ದ ನಾನು, ಇದು ಜರ್ಮನ್ ಲಿಪಿ ಎಂದು ಅಮ್ಮನಿಗೆ, ನಮ್ಮ ಆಯಿಗೆ, ಹೇಳಿದೆ. ಆಯಿ ಅಕ್ಕಪಕ್ಕದವರಿಗೆಲ್ಲ ಅದನ್ನೇ ಹೇಳಿ ಹಿಗ್ಗಿದಳು.

ಆ ಸಲ ಬಂದದ್ದು ಮಹಾಯುದ್ಧದ ಚಿತ್ರ. ಅದರಲ್ಲಿ ವಿಮಾನಗಳಿವೆ ಎಂಬ ಸುದ್ದಿ ಅಂಕೋಲೆಗೂ ಮುಟ್ಟಿ, ಅಪ್ಪನ ಅಕ್ಕ ಅಲ್ಲಿಯ ಬಾಳೆಗುಳಿಯಿಂದ ಮೋಟಾರು ಹತ್ತಿ ಕಾರವಾರದ ಹಬ್ಬುವಾಡದ ನಮ್ಮ ಮನೆಗೆ ಬಂದರು. ಅತ್ತೆಯ ಗಂಡ ಗದ್ದೆ ಕೆಲಸವಿಲ್ಲದಾಗ ಮಚವೆ ಎಂಬ ಹಾಯಿದೋಣಿ ಕಟ್ಟುವಲ್ಲಿ ಮರಗೆಲಸಕ್ಕೆ ಹೋಗುತ್ತಿದ್ದವರು. ಆ ಯುದ್ಧದ ಕಾಲಕ್ಕೆ ಕಡಲಾಚೆಯ ಬಸ್ರಾಕ್ಕೆ ಹೋದರು. ಅಲ್ಲಿ ವಿಮಾನಗಳ ಮರದ ರೆಕ್ಕೆ ರಿಪೇರಿ ಮಾಡುತ್ತಿದ್ದಾರೆ ಎಂದು, ಊರಿಗೆ ಮರಳಿದ ಒಬ್ಬರು ಹೇಳಿದ್ದೇ ಕಡೆಯ ಸುದ್ದಿ. ನಾನು ಹುಟ್ಟುವುದಕ್ಕೂ ಮೊದಲಿನ ಮಾತು ಅದು. ಕಾದದ್ದು ಸಾಕು, ಕ್ರಿಯೆ ಮಾಡಿಬಿಡೋಣ, ಕುಂಕುಮ ಅಳಿಸು ಎಂದು ಗಂಡನ ಮನೆಯವರು ಆ ವರ್ಷ ಪಟ್ಟು ಹಿಡಿದಿದ್ದರು. "ಅವ್ರು ಸತ್ತದ್ದ ಯಾರು ಕಂಡೀರು?" ಎಂಬುದೊಂದೇ ಅತ್ತೆಯ ಉತ್ತರ.

ವಿಮಾನಗಳಿಗೆ ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಕೋಲು, ತಂತಿ. ರೆಕ್ಕೆಗೆ ಹೊದಿಸಿದ್ದು ಬಟ್ಟೆ. ಗಾಳಿಗೆ ಅದು ನಡುಗುವುದು ಕಾಣುತ್ತಿತ್ತು. ಓಡಿಸುವವನ ತಲೆಯಷ್ಟೇ ಹೊರಗೆ.

"ಇದೆಂತದೇ, ಒಣಗ್ಸೂಕೆ ಹಾಕಿದ ಧೋತ್ರ ಹಾರ್ದಂಗೆ ಅದೆ!" ಎಂದು ಯಾರೋ ಹೇಳಿ ಎಲ್ಲರನ್ನೂ ನಗಿಸಿದರು.

ಆಮೇಲೆ ಗಾಲಿಯಿಲ್ಲದ ಒಂದು ವಿಮಾನ ಹೊಳೆಯ ಮೇಲೆ ಇಳಿದು, ತೇಲುತ್ತ ದಡಕ್ಕೆ ಬಂತು. ಅತ್ತೆ ನೆಟ್ಟಗೆ ಕೂತರು. "ಇದು ಮಚವೆಯೇ. ಮಚವೆಗೆ ರೆಕ್ಕೆ ಕಟ್ಟೀರು."

"ನೋಡಿ, ಇದೇ ಬಸ್ರಾ!" ಎಂದು, ಮೂಕಚಿತ್ರದ ಪಕ್ಕ ನಿಂತು ಕತೆ ವಿವರಿಸುವವನು ಗಂಡಸರ ಬದಿಯಿಂದ ಕೂಗಿದ. ಖರ್ಜೂರದ ಮರ ಕಂಡಲ್ಲೆಲ್ಲ ಅವನು ಬಸ್ರಾ ಎನ್ನುತ್ತಿದ್ದನೇನೋ. ನಮ್ಮ ಕಡೆಯ ಎಷ್ಟೋ ಜನ ಅಲ್ಲಿಗೆ ಹೋಗಿದ್ದರು.

ಮುಂಡಾಸಿನ ಒಬ್ಬ ಕಪ್ಪು ಮನುಷ್ಯ, ಬೆನ್ನು ಹಾಕಿ, ಮುಖ ತೋರಿಸದೆ, ವಿಮಾನದ ಅಡಿಯ ದೋಣಿಯ ಮೇಲೆ ಕಾಲೂರಿ ನಿಂತು ಅದರ ಮೂತಿಯ ಪಂಖವನ್ನು ಒಂದೇ ಕೈಯಲ್ಲಿ ಎಳೆದು ತಿರುಗಿಸಿದ. ಅತ್ತೆ ನನ್ನ ತೋಳು ಹಿಡಿದುಕೊಂಡರು.

"ಕಂಡ್ಯಾ ತಂಗೀ? ಎಡಗೈ. ಅವ್ರೇ."

ಮರುದಿನ ಗಂಜಿ ಉಣ್ಣುವಾಗ ಅಪ್ಪ ಸೌಟು ಎತ್ತಿಕೊಂಡು ಎದ್ದು ನಿಂತು ತಿರುಗಿಸಿ ತೋರಿಸಿದರು. "ಅಕ್ಕಾ, ನಿಂಗೆ ಮಳ್ಳಾ? ಭಾವ ಎಡಚ ಹೌದು. ಆದ್ರೆ ನಿನ್ನೆ ಅವ ತಿರ್ಗ್ಸಿದ್ದು ಬಲಗೈಲಿ. ನಾ ಪರದೆ ಮುಂದಿಂದ ಕಂಡಿದ್ದೆ."

"ಮದ್ವೆಯಾದಾಗಿಂದ ನಾ ಅವ್ರ ಬೆನ್ನ ಹಿಂದೇ ನಡೆದವಳು. ಬೆನ್ನು ಕಂಡ್ರೆ ನಂಗೆ ಗೊತ್ತಾಗೂದಿಲ್ವಾ? ಮುಂದಿಂದ ಕಂಡ ನಿಂಗೆ ಎಂತ ಗೊತ್ತು?"

ಆಯಿ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ತೆಳು ಕಾಗದದ ಮೇಲೆ ಮಸಿಯಲ್ಲಿ ದೊಡ್ಡ ಅಕ್ಷರವೊಂದನ್ನು ಬರೆದು ಕಿಟಕಿಯ ಬೆಳಕಿಗೆ ಹಿಡಿದರು, ಆಮೇಲೆ ತಿರುಗಿಸಿ ಹಿಡಿದರು; ಹಿಂಬದಿಯಿಂದ ಅಕ್ಷರದ ಎಡ ಬಲವಾಗಿತ್ತು. ನನ್ನ ಜರ್ಮನ್ ಅಲ್ಲಿಗೆ ಮುಗಿಯಿತು. ಅತ್ತೆ ಕಾಗದವನ್ನು ಎರಡೂ ಬದಿಯಿಂದ ಬಹಳ ಹೊತ್ತು ನೋಡಿದರು.

"ಇವತ್ತೂ ಅದೇ ಆಟ ಅದೆ," ಎಂದರು ಅಪ್ಪ. ದನಿ ಮೆತ್ತಗಾಗಿತ್ತು. "ಡೇರೆಯವಂಗೆ ಹೇಳ್ತೆ. ನನ್ನ ಬಾಜೂಲಿ ಕೂತ್ಕಂಡು ಕಾಣು."

"ಹ್ಞೂಂ, ಬತ್ತೆ."

ಸಂಜೆ ಅತ್ತೆ ಮಿಂದು, ಅಬ್ಬೋಲಿ ಮುಡಿದು ಹೊರಟರು. ಗಂಡಸರ ಬದಿಯಲ್ಲಿ ಅಪ್ಪ ಅವರಿಗೊಂದು ಕುರ್ಚಿ ಹಾಕಿಸಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಆ ಕುರ್ಚಿಯನ್ನು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಡೇರೆಯನ್ನು ಸುತ್ತಿ ಹೋಗಿ, ಹಿಂದಿನ ದಿನದ ಜಾಗದಲ್ಲೇ ಮರಳಿನ ಮೇಲೆ ಕೂತರು. "ಅಕ್ಕಾ..." ಎಂದು ಅಪ್ಪ ಕರೆದದ್ದು ಕೇಳಿಸಿತು. ಎರಡನೆಯ ಸಲ ಕರೆಯಲಿಲ್ಲ.

ಆ ಮನುಷ್ಯ ನಮಗಾಗಿ ಮತ್ತೆ ಎಡಗೈಯಿಂದಲೇ ಪಂಖ ತಿರುಗಿಸಿದ. ಈ ಸಲ ಅತ್ತೆ ನನ್ನ ತೋಳು ಹಿಡಿಯಲಿಲ್ಲ. ವಿಮಾನ ಹೊಳೆಯಿಂದೆದ್ದು ಸಣ್ಣದಾಗುವಾಗ "ಹೋಗ್ಬನ್ನಿ" ಎಂದರು. ಇದನ್ನು ನಾನೇ ಸೇರಿಸಿಕೊಂಡಿರಲೂಬಹುದು.

ಅತ್ತೆ ಕುಂಕುಮದೊಂದಿಗೇ ಬಾಳೆಗುಳಿಗೆ ಮರಳಿದರು, ಅವರನ್ನು ಕಂಡೆ ಎಂದರು. ಕೆಲವು ದಿನಗಳ ಮೇಲೆ ಅವರ ಮೈದುನ ನಮ್ಮ ಮನೆಗೆ ಬಂದು, ನಿಜವೇ ಎಂದು ಕೇಳಿದಾಗ, ಸುಳ್ಳು ಹೇಳಿ ಗೊತ್ತಿಲ್ಲದ ಅಪ್ಪ ಸ್ವಲ್ಪ ಯೋಚಿಸಿ, "ನಾ ಕೂತ ಬದಿ ಬೇರೆ. ಅಕ್ಕ ಕೂತಲ್ಲಿಂದ ಎಡಗೈಯೇ ಕಾಣೂದು," ಎಂದರು. ಕ್ರಿಯೆಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಕಾಲೇಜಿನ ಒಂದು ರಜೆಯಲ್ಲಿ ಬಾಳೆಗುಳಿಗೆ ಹೋಗಿದ್ದೆ. ಅತ್ತೆ ಜಗಲಿಯಲ್ಲಿ ಹರಿವೆ ಸೊಪ್ಪು ಸೋಸುತ್ತಿದ್ದರು. ಹಣೆಯ ಕುಂಕುಮ ಬೆವರಿಗೆ ಸ್ವಲ್ಪ ಇಳಿದಿತ್ತು. ನಾನು ಕೇಳಿದೆ. ಅವರು, "ಮೀನಿನವಳು ಬಂದ್ಳೇನ ನೋಡು" ಎಂದರು. ಎದ್ದು ಹೋಗಿ ನೋಡಿದೆ, ಬಂದಿರಲಿಲ್ಲ. ಆಮೇಲೂ ಅವರು ಆ ಮಾತಿಗೆ ಬರಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೇ, ಆ ಕುರ್ಚಿಲಿ ಕೂತ್ರೆ ಯಾವ ಕೈ ಕಾಣೂದು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"